ಕಿರುಬೆರಳಿನ ಅಂಚು

ಗಡಿಯಾರ ರಿಪೇರಿಯ ಮಾವ ನಾಲ್ಕು ತಿಂಗಳಲ್ಲಿ ಮೂರನೆಯ ಸಲ ಕನ್ನಡಕ ಬದಲಿಸಲು ಬಂದು ಕೂತಾಗ, ಕನ್ನಡಕದ ಅಂಗಡಿಯವರು ಪರೀಕ್ಷೆಯ ದೀಪವನ್ನೇ ಹಾಕಲಿಲ್ಲ.

“ನಿನ್ನ ಕಣ್ಣಿಗೆ ಏನೂ ಆಗಿಲ್ಲ ಕಣಯ್ಯಾ. ಆ ಬೋರ್ಡಿನ ಕೊನೇ ಸಾಲನ್ನ ನಾನು ಬಾಯಿಪಾಠದಲ್ಲಿ ಓದೋದು, ನೀನು ನೋಡಿ ಓದ್ತೀಯ. ಇನ್ನೇನು, ಗೋಡೆ ಆಚೆಗೂ ಕಾಣ್ಬೇಕಾ?”

“ಗೋಡೆ ಆಚೆ ನಿನ್ನ ಮುಖ ತಾನೇ ಇರೋದು. ಅದು ಕಾಣ್ದೇ ಇದ್ರೂ ನಡಿಯತ್ತೆ. ಸ್ಕ್ರೂ ಕಾಣ್ಬೇಕು. ನೆಟ್ಟಗೆ ಕಂಡಿದ್ರೆ ಯಾಕೆ ಬೀಳ್ತಿತ್ತು, ಹೇಳು.”

ಇಬ್ಬರ ಅಂಗಡಿಯೂ ಒಂದೇ ಕೋಣೆ. ನಡುವೆ ಎದೆಮಟ್ಟದ ಮರದ ತಡಿಕೆ. ಅದರ ಒಂದು ಬದಿಗೆ ಗಡಿಯಾರಗಳು, ಇನ್ನೊಂದು ಬದಿಗೆ ಕನ್ನಡಕಗಳು. ಮಾವನ ಅಕ್ಕನ ಮಗಳು ಪದವಿ ಮುಗಿಸಿ ಆರು ತಿಂಗಳಿಂದ ಕನ್ನಡಕದ ಬದಿಯಲ್ಲಿ ಕೆಲಸಕ್ಕಿದ್ದಳು. ಗಾಜು ಉಜ್ಜುವುದು, ಚೌಕಟ್ಟಿಗೆ ಕೂರಿಸುವುದು, ಬಂದವರ ದೂರನ್ನು ಅವರ ಮಾತಿನಲ್ಲೇ ಚೀಟಿಗೆ ಬರೆದುಕೊಳ್ಳುವುದು ಅವಳ ಕೆಲಸ. ಮಾತು ಕಡಿಮೆ, ನೋಟ ಜಾಸ್ತಿ. ಚಿಕ್ಕವಳಿದ್ದಾಗ ಟಿಕ್ ಟಿಕ್ ಎಲ್ಲಿಂದ ಬರುತ್ತದೆಂದು ನೋಡಲು ಅಲಾರಂ ಗಡಿಯಾರದ ಬೆನ್ನು ಬಿಚ್ಚಿದ್ದಳಂತೆ. ಅಂದಿನಿಂದ ಮಾವ ಅವಳನ್ನು ಕರೆಯುವುದು ‘ಇಣುಕಿ’ ಎಂದೇ.

ಮಾವನಿಗೆ ಹೆಸರು ಬಂದಿದ್ದು ಹೆಂಗಸರ ಪುಟ್ಟ ಕೈಗಡಿಯಾರಗಳಿಂದ. ಬೇರೆಯವರು ಕೈಚೆಲ್ಲಿದ್ದನ್ನು ಅವನ ಬಳಿ ತರುತ್ತಿದ್ದರು. ಈಗ ಅವನೇ ಅವುಗಳನ್ನು ವಾಪಸು ಕಳಿಸುತ್ತಿದ್ದ. “ಹೀಗೇ ಆದ್ರೆ ಸೆಲ್ ಹಾಕ್ಕೊಂಡು ಕೂತ್ಕೊಳ್ಳೋದೇ ಗತಿ. ಅದಕ್ಕೆ ನಾನ್ಯಾಕೆ ಬೇಕು?” ಎಂದು ಅತ್ತೆಯೊಡನೆ ಅಂದಿದ್ದನ್ನು ಅವಳು ಕೇಳಿಸಿಕೊಂಡಿದ್ದಳು.

ಆ ಮಧ್ಯಾಹ್ನ ಗಾಜು ಉಜ್ಜುವ ನೆಪದಲ್ಲಿ ಅವಳು ತಡಿಕೆಯ ಮೇಲಿಂದ ನೋಡುತ್ತ ನಿಂತಳು. ಮಾವ ಚಿಮಟದಲ್ಲಿ ಸ್ಕ್ರೂ ಎತ್ತಿದ. ಅರ್ಧ ದಾರಿಯಲ್ಲಿ ಅದು ಜಾರಿತು. ಮೇಜಿಗೆ ಬಡಿದು, ಪುಟಿದು, ಅಂಚಿನಲ್ಲಿ ಒಂದು ಗಳಿಗೆ ನಿಂತು ನೆಲಕ್ಕೆ ಬಿತ್ತು. ಮಾವನ ಕಣ್ಣು ಅದರ ಜೊತೆಗೇ ಮೇಜಿನಿಂದ ಅಂಚಿಗೆ, ಅಂಚಿನಿಂದ ನೆಲಕ್ಕೆ ಇಳಿಯಿತು. ಕಾಣದ ವಸ್ತುವನ್ನು ಯಾರಾದರೂ ಹೀಗೆ ಬೆನ್ನಟ್ಟುತ್ತಾರೆಯೇ?

ಹಾಗಾದರೆ ಕಣ್ಣಲ್ಲ. ಅವಳು ಕೈಯನ್ನು ನೋಡತೊಡಗಿದಳು. ಎಡಗೈ ಎಂದಿನಂತೆ ಇತ್ತು. ಬಲಗೈಯಲ್ಲಿ ಚಿಮಟ ಅದುಮುವಾಗ ಹೆಬ್ಬೆರಳಿನ ತುದಿಯ ಗಿಣ್ಣು ಕೊಕ್ಕೆಯಂತೆ ಬಾಗುತ್ತಿತ್ತು. ಕಿರುಬೆರಳಿನ ಕೆಳಗೆ, ಕೆಲಸ ಮಾಡುವಾಗ ಮೇಜಿಗೆ ಒರಗುವ ಅಂಚಿನಲ್ಲಿ, ಬಟಾಣಿಯಷ್ಟು ದೊಡ್ಡ ಬೊಬ್ಬೆಯಿತ್ತು. ಪಕ್ಕದಲ್ಲೇ ಮೇಜುದೀಪದ ತಗಡಿನ ಟೋಪಿ ಕಾದು ಸುಡುತ್ತಿತ್ತು.

“ಅದು ಯಾವಾಗ ಸುಟ್ಕೊಂಡ್ರಿ ಮಾವ?”

“ಎಲ್ಲಿ?” ಮಾವ ಕೈ ತಿರುಗಿಸಿ, ಬೇರೆ ಯಾರದೋ ಕೈಯನ್ನು ನೋಡುವಂತೆ ನೋಡಿದ. “ಅಯ್ಯೋ, ಹೌದಲ್ಲ. ಇದ್ಯಾವಾಗ ಆಯ್ತು? ಕೆಲಸ ಮಾಡೋ ಕೈ ಅಂದ್ಮೇಲೆ ಚರ್ಮ ದಪ್ಪ ಆಗಿರತ್ತೆ ಬಿಡು.”

ಆ ಉತ್ತರ ಅವಳಿಗೆ ಒಪ್ಪಿಗೆಯಾಗಲಿಲ್ಲ. ಅರ್ಧ ಚೌಕಟ್ಟಿನ ಕನ್ನಡಕಗಳಲ್ಲಿ ಗಾಜಿನ ಕೆಳಗಂಚನ್ನು ಹಿಡಿದಿಡಲು ಕೂದಲಿನಂಥ ನೈಲಾನ್ ಎಳೆ ಹಾಕುತ್ತಾರೆ. ಅದರದೊಂದು ತುಂಡು ಕತ್ತರಿಸಿಕೊಂಡು ಅವಳು ತಡಿಕೆ ದಾಟಿದಳು.

“ಕಣ್ಣು ಮುಚ್ಕೊಳ್ಳಿ. ಇದು ತಾಗಿದಾಗ ಹೂಂ ಅನ್ನಿ.”

“ಏನೇ ಇದು, ಡಾಕ್ಟರಮ್ಮ ಆಗ್ಬಿಟ್ಯಾ?” ಎಂದರೂ ಮಾವ ಕಣ್ಣು ಮುಚ್ಚಿದ. ಅಂಗೈ, ಬೆರಳ ತುದಿ, ಕಿರುಬೆರಳು, ಸುಟ್ಟ ಅಂಚು, ಅವಳು ಒಂದೊಂದಾಗಿ ಮುಟ್ಟಿದಳು. ಹೂಂ. ಹೂಂ. ಹೂಂ. ಒಂದೂ ತಪ್ಪಲಿಲ್ಲ.

“ನೂರಕ್ಕೆ ನೂರು,” ಎಂದರು ತಡಿಕೆಯಾಚೆಯಿಂದ ಕನ್ನಡಕದವರು. “ಇನ್ನೊಂದು ಕನ್ನಡಕ ಬಹುಮಾನ ಕೊಡೋಣ್ವಾ?”

ಅವಳು ಪೆಚ್ಚಾಗಿ ಬಂದು ಗಾಜು ಉಜ್ಜಲು ಕೂತಳು. ಆದರೆ ಆ ಬೊಬ್ಬೆ ತಲೆಯಿಂದ ಹೋಗಲಿಲ್ಲ. ಅಷ್ಟು ನವಿರಾದ ಎಳೆ ತಿಳಿಯುವ ಜಾಗಕ್ಕೆ ಬೆಂಕಿಯಂಥ ತಗಡು ತಿಳಿಯದೆ ಹೋದದ್ದು ಹೇಗೆ? ಸಂಜೆ ಎದುರು ಕೂತ ಕನ್ನಡಕದವರು ಬಟ್ಟೆಯಲ್ಲಿ ಗಾಜು ಒರೆಸುತ್ತಿದ್ದರು. ಅವರ ಕೈ ಬಲಕ್ಕೆ, ಎಡಕ್ಕೆ, ಗೋಡೆಯ ಲೋಲಕದ ಗಡಿಯಾರದ ತಾಳಕ್ಕೆ ಸರಿಯಾಗಿ ಆಡುತ್ತಿತ್ತು. ಅವಳು ತನ್ನ ಕೈ ನೋಡಿಕೊಂಡಳು. ಅದೂ ಹಾಗೇ ಆಡುತ್ತಿತ್ತು. ಈ ಕೋಣೆಯಲ್ಲಿ ಕೂತವರೆಲ್ಲರ ಕೈಯೂ ತಿಳಿಯದೆಯೇ ಅದೇ ತಾಳ ಹಿಡಿಯುತ್ತಿತ್ತು. ಹಾಗಾದರೆ ಮಧ್ಯಾಹ್ನ ಎಳೆಯನ್ನು ಮುಟ್ಟಿಸಿದ್ದೂ ಅದೇ ತಾಳಕ್ಕೇ. ಮೂವತ್ತು ವರ್ಷ ಗಡಿಯಾರಗಳ ನಡುವೆ ಕೂತವನಿಗೆ ಮುಂದಿನ ಸಲ ಯಾವಾಗ ಎಂಬುದನ್ನು ಚರ್ಮ ಹೇಳಬೇಕಾಗಿರಲಿಲ್ಲ.

ಮರುದಿನ ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಅವಳು ಮಾವನನ್ನು ಮತ್ತೆ ಕೂರಿಸಿದಳು. ಹೆಬ್ಬೆರಳು, ಹೂಂ. ತೋರುಬೆರಳು, ಹೂಂ. ಅಂಗೈ ನಡು, ಹೂಂ. ಆಮೇಲೆ ಎಳೆಯನ್ನು ಗಾಳಿಯಲ್ಲೇ ಹಿಡಿದು ಸುಮ್ಮನೆ ನಿಂತಳು.

“ಹೂಂ,” ಎಂದ ಮಾವ.

ಅವಳು ಅಲುಗಲಿಲ್ಲ.

“ಹೂಂ.”

“ಮಾವ, ನಾನು ಮುಟ್ಟೇ ಇಲ್ಲ.”

ಮಾವ ಕಣ್ಣು ಬಿಟ್ಟು ಮೊದಲು ಎಳೆಯನ್ನು ನೋಡಿದ, ಆಮೇಲೆ ಅವಳನ್ನು. ಅವಳು ಈ ಸಲ ತಾಳ ತಪ್ಪಿಸಿ, ಒಮ್ಮೆ ತಡ ಮಾಡಿ, ಒಮ್ಮೆ ಬೇಗ ಮಾಡಿ ಮುಟ್ಟಿದಳು. ಕಿರುಬೆರಳಿನ ಇಡೀ ಅಂಚಿನಲ್ಲಿ, ಉಂಗುರ ಬೆರಳಿನ ಅರ್ಧದಲ್ಲಿ, ಮಾವನ ಬಾಯಿಂದ ಒಂದು ಹೂಂ ಕೂಡ ಸರಿಯಾದ ಹೊತ್ತಿಗೆ ಬರಲಿಲ್ಲ.

“ನಿಂಗೆ ಸುಳ್ಳು ಹೇಳಿದ್ದಲ್ಲ ಇಣುಕಿ. ಮುಟ್ಟಿದ ಹಾಗೇ ಅನ್ನಿಸ್ತು.” ಅವನು ಶರ್ಟಿನ ತೋಳು ಮೇಲೆತ್ತಿದ. ಮೊಣಕೈಯ ಹತ್ತಿರ ಹಸ್ತದಷ್ಟಗಲದ ಮಾಸಲು ಮಚ್ಚೆ. “ಇದಕ್ಕೂ ಅದಕ್ಕೂ ಏನಾದ್ರೂ ಸಂಬಂಧ ಇದ್ಯಾ? ನಾನು ಪೆಟ್ರೋಲಲ್ಲಿ ಚಕ್ರ ತೊಳೀತೀನಲ್ಲ, ಅದರಿಂದ ಅಂದ್ಕೊಂಡಿದ್ದೆ. ನಿಮ್ಮತ್ತೆ ಎಣ್ಣೆ ಹಚ್ತಾನೇ ಇದಾಳೆ.”

ಮಾವ, ಅತ್ತೆ, ಇಣುಕಿ ಮೂವರೂ ಚರ್ಮದ ಡಾಕ್ಟರ ಬಳಿ ಹೋದರು; ಅವರು ನಡುವಯಸ್ಸಿನ ಹೆಂಗಸು. ಮಚ್ಚೆಯ ಮೇಲೆ ಹತ್ತಿಯ ಎಳೆ ಆಡಿಸಿ ನೋಡಿ, ಆಮೇಲೆ ಮೊಣಕೈ ಮಡಿಸಿ, ಹಿಂಬದಿಯ ಮೂಳೆಯ ಪಕ್ಕ ಬೆರಳಿಟ್ಟರು. “ನೀನೂ ಮುಟ್ಟಿ ನೋಡಮ್ಮ. ಎಡಗಡೆ ಮೊದಲು, ಆಮೇಲೆ ಬಲಗಡೆ.” ಎಡಗಡೆ ಏನೂ ಕೈಗೆ ಸಿಗಲಿಲ್ಲ. ಬಲಗಡೆ ಚರ್ಮದ ಕೆಳಗೆ ಒಂದು ಹಗ್ಗ ಹೊರಳಿತು.

“ಇದು ಕುಷ್ಠರೋಗ,” ಎಂದರು ಡಾಕ್ಟರು, ಶೀತ ಎನ್ನುವಷ್ಟೇ ಸಲೀಸಾಗಿ. “ರೋಗಾಣು ಚರ್ಮದಲ್ಲೂ ನರದಲ್ಲೂ ಕೂರತ್ತೆ. ಆ ಹಗ್ಗದ ಹಾಗೆ ಸಿಕ್ಕಿದ್ದೇ ನರ, ಊದಿಕೊಂಡಿದೆ. ಕಿರುಬೆರಳಿನ ಸ್ಪರ್ಶ, ಚಿಮಟ ಹಿಡಿಯೋ ಶಕ್ತಿ, ಎರಡೂ ಅದರ ದಾರೀಲೇ ಹೋಗೋದು.”

ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕೂತಿದ್ದಳು. “ಇವರಿಗೆ ತಟ್ಟೆ ಲೋಟ ಬೇರೆ ಇಡ್ಬೇಕಾ ಡಾಕ್ಟ್ರೇ?”

“ಏನೂ ಬೇಡ. ಔಷಧಿ ಶುರು ಮಾಡಿದ ಮೇಲೆ ಇವರಿಂದ ಯಾರಿಗೂ ಭಯ ಇಲ್ಲ. ಮನೆಯವರೆಲ್ಲ ಒಂದ್ಸಲ ಬಂದು ತೋರಿಸ್ಕೊಂಡು ಹೋಗಿ, ಸಾಕು.”

“ಬೇರೆ ತಟ್ಟೆ ಇಟ್ರೆ ಅದನ್ನ ತೊಳೆಯೋರು ಯಾರು ಅಂತ ಅವಳ ಚಿಂತೆ,” ಎಂದ ಮಾವ. ಅವನು ಬಲಗೈಯನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು ಕೇಳಿದ: “ರೋಗ ಹೋಗತ್ತೆ ಅಂತೀರಿ. ಕೈ ವಾಪಸ್ ಬರತ್ತಾ?”

“ಅದು ಶುರುವಾಗಿ ಎಷ್ಟು ದಿನ ಆಯ್ತು ಅನ್ನೋದರ ಮೇಲೆ. ಆರು ತಿಂಗಳ ಒಳಗಿನದಾದ್ರೆ ನರದ ಊತ ಇಳಿಸೋ ಮಾತ್ರೆ ಕೊಡ್ತೀನಿ, ಬಹಳ ಜನಕ್ಕೆ ಶಕ್ತಿ ಮರಳತ್ತೆ. ಸ್ಪರ್ಶ ಮರಳುವಾಗ ಮೊದಲು ಜುಮುಜುಮು ಅನ್ನತ್ತೆ. ಹಳೇದಾಗಿದ್ರೆ ಆಸೆ ಕಡಿಮೆ. ಯಾವಾಗಿಂದ ಹೀಗೆ?”

ಮಾವ ಕೈಯನ್ನು ತಿರುಗಿಸಿ ನೋಡಿಕೊಂಡ. “ನನಗೆ ಹೇಗೆ ಗೊತ್ತಾಗ್ಬೇಕು? ಕಣ್ಣೇ ಹೋಗ್ತಿದೆ ಅಂದ್ಕೊಂಡಿದ್ದೆ. ಒಂದು ವರ್ಷ ಇರ್ಬಹುದು. ಎರಡೂ ಇರ್ಬಹುದು.”

ಇಣುಕಿಯ ಕಿವಿ ಬಿಸಿಯಾಯಿತು. ಹೊಸಬರ ಮುಂದೆ ಬಾಯಿ ಬಿಡುವುದೆಂದರೆ ಅವಳಿಗೆ ಯಾವಾಗಲೂ ಹೀಗೇ. “ನಾಲ್ಕು ತಿಂಗಳು,” ಎಂದಳು. ದನಿ ಸಣ್ಣದಿತ್ತು, ಡಾಕ್ಟರು ಬಾಗಿ ಕೇಳಿಸಿಕೊಂಡರು. “ಮೊದಲನೇ ಕನ್ನಡಕದ ಚೀಟಿ ನಾನೇ ಬರೆದದ್ದು. ದೂರು ಅನ್ನೋ ಕಡೆ ಮಾವ ಹೇಳಿದ ಹಾಗೇ ಬರೆದಿದ್ದೀನಿ. ‘ಹೋದ ವಾರದಿಂದ ಸ್ಕ್ರೂ ಜಾರುತ್ತಿದೆ.’ ತಾರೀಖೂ ಇದೆ. ಅದಕ್ಕೂ ಮೊದಲು ಜಾರಿದ್ದಿದ್ರೆ ಮಾವ ಸುಮ್ಮನಿರ್ತಿರಲಿಲ್ಲ.”

“ಒಂದು ದಿನಾನೂ ಸುಮ್ಮನಿರ್ತಿರಲಿಲ್ಲ,” ಎಂದಳು ಅತ್ತೆ.

ಡಾಕ್ಟರು ಪೆನ್ನು ತೆಗೆದರು. “ಕೈ ತೊಂದರೆಗೆ ಕನ್ನಡಕ ಹಾಕ್ಕೊಂಡವರನ್ನ ನಾನು ಇವತ್ತೇ ನೋಡಿದ್ದು. ಆದರೆ ಅದರಿಂದ ತಾರೀಖು ಸಿಕ್ತಲ್ಲ.”

ರೋಗಕ್ಕೆ ಆರು ತಿಂಗಳ ಮಾತ್ರೆ, ನರಕ್ಕೆ ಬೇರೆ ಮಾತ್ರೆ, ಬೆರಳುಗಳಿಗೆ ವ್ಯಾಯಾಮ. ಮಾವನೇ ತಡಿಕೆಯ ಮೇಲೆ ಮೊಣಕೈ ಊರಿ ಕನ್ನಡಕದವರಿಗೆ ರೋಗದ ಹೆಸರು ಹೇಳಿದ. ಅವರು ಒಂದು ನಿಮಿಷ ಗಾಜು ಒರೆಸುವುದನ್ನು ನಿಲ್ಲಿಸಿದರು. “ಅಂದ್ರೆ ನನ್ನ ನಂಬರು ಸರಿ ಇತ್ತು ಅಂತಾಯ್ತು,” ಎಂದು ಮತ್ತೆ ಒರೆಸತೊಡಗಿದರು. ಆಮೇಲೆ ಎದ್ದು ಹೋಗಿ ಮೇಜುದೀಪವನ್ನು ಮಾವನ ಎಡಬದಿಗೆ ಸರಿಸಿ ಬಂದರು.

ಮಾವ ದೊಡ್ಡ ಗೋಡೆ ಗಡಿಯಾರಗಳನ್ನಷ್ಟೇ ತೆಗೆದುಕೊಳ್ಳತೊಡಗಿದ. ದಿನವೂ ಊಟಕ್ಕೆ ಮುಂಚೆ ಇಣುಕಿ ಅವನ ಕೈಯ ಅಂಚನ್ನು ನೋಡಬೇಕು, ಗಾಯವೋ ಸುಟ್ಟದ್ದೋ ಇದ್ದರೆ ಹೇಳಬೇಕು. ಒಂಬತ್ತನೆಯ ವಾರ, ಕೈ ನೋಡುತ್ತ, ಬಹಳ ದಿನದಿಂದ ನಾಲಿಗೆಯ ತುದಿಯಲ್ಲಿದ್ದುದನ್ನು ಅವಳು ಕೇಳಿಯೇಬಿಟ್ಟಳು.

“ಗೊತ್ತಾಗದೇ ಇರೋದು ಹೇಗಿರತ್ತೆ ಮಾವ?”

“ಅದು ಗೊತ್ತಾಗಿದ್ರೆ ಮೂರು ಸಲ ಕನ್ನಡಕಕ್ಕೆ ಯಾಕೆ ಬರ್ತಿದ್ದೆ?” ಮಾವ ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. “ಆದ್ರೆ ಒಂದು ವಿಷಯ. ಬೆಳಿಗ್ಗೆಯಿಂದ ಇಲ್ಲಿ, ಈ ಅಂಚಲ್ಲಿ, ಇರುವೆ ಓಡಾಡ್ತಿದೆ. ಎರಡು ಸಲ ಒರೆಸ್ಕೊಂಡೆ. ನನಗಂತೂ ಇರುವೆ ಕಾಣ್ತಿಲ್ಲ.”

ಅವಳು ಅವನ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು, ಕೈಯನ್ನು ಬೆಳಕಿಗೆ ತಿರುಗಿಸಿ, ಮಣಿಕಟ್ಟಿನಿಂದ ಉಗುರಿನವರೆಗೂ ಒಂದೊಂದು ಗೆರೆಯನ್ನೂ ಹುಡುಕಿದಳು.

“ಇದ್ಯಾ?”

“ಇಲ್ಲ ಮಾವ.”

“ಸರಿಯಾಗಿ ನೋಡು. ಈಗಲೂ ನಡೀತಾ ಇದೆ.”

“ನೋಡಿದೆ. ಏನೂ ಇಲ್ಲ.”

ಮಾವ ಉಸಿರು ಬಿಗಿಹಿಡಿದು, ತನ್ನ ಕಿರುಬೆರಳನ್ನೇ ದಿಟ್ಟಿಸುತ್ತ ಕೂತ. “ಇನ್ನೊಂದ್ಸಲ ನೋಡು,” ಎಂದ.