ಜನಾನಾ ದಿನದ ಟ್ರಾಮು

ಮುಂಬೈಯಲ್ಲಿ ಗಂಡ ತೀರಿಕೊಂಡ ಮೇಲೆ ಕಲ್ಯಾಣಮ್ಮ ಲಿಂಗಸುಗೂರಿಗೆ, ಅಣ್ಣ ಸೂಗಪ್ಪನ ಮನೆಗೆ ಬಂದು ಆರು ವರ್ಷವಾಗಿತ್ತು. ಗಂಡ ಅಲ್ಲಿ ಟ್ರಾಮಿನ ಕಂಡಕ್ಟರನಾಗಿದ್ದ. ಆ ಊರಿನ ಸುದ್ದಿಯನ್ನು ಆಕೆ ಎತ್ತುತ್ತಿರಲಿಲ್ಲ.

ಅರಿವೆ ಅಂಗಡಿಯ ಸೂಗಪ್ಪನಿಗೆ ಒಂದು ಹುಚ್ಚಿತ್ತು. ಸಿಂಧನೂರಿನಲ್ಲಿ ಗಡಿಯಾರ ರಿಪೇರಿ ಮಾಡುವ ರಾಜೇಸಾಬ್, ಮಸ್ಕಿಯ ಗೋಪಣ್ಣ ಮಾಸ್ತರು ಮತ್ತು ಅವನು ಸೇರಿ ‘ಟ್ರಾಮ್ ಅಂಜುಮನ್’ ಎಂಬ ಸಂಘ ಕಟ್ಟಿಕೊಂಡಿದ್ದರು. ಒಬ್ಬೊಬ್ಬರೂ ತಮ್ಮ ಮನೆಯಲ್ಲಿ ಎರಡು ಮೊಳದ ಹಲಗೆಯ ಮೇಲೆ ಹಳಿ, ಬೀದಿ, ಅಂಗಡಿ ಮಾಡುವುದು; ಅಮಾವಾಸ್ಯೆಗೊಮ್ಮೆ ಸೂಗಪ್ಪನ ಪಡಸಾಲೆಗೆ ತಂದು ಜೋಡಿಸುವುದು. ಹಲಗೆಗಳ ಅಂಚಿನಲ್ಲಿ ಹಳಿಗಳು ಸರಿಯಾಗಿ ಕೂಡಲೆಂದು ರಾಜೇಸಾಬ್ ಎಲ್ಲರಿಗೂ ಒಂದೇ ಅಳತೆಯ ಹಿತ್ತಾಳೆ ಪಟ್ಟಿ ಕತ್ತರಿಸಿ ಕೊಟ್ಟಿದ್ದ. ಗೇಣುದ್ದದ ಟ್ರಾಮಿನೊಳಗೆ ಹಳೆಯ ಗಡಿಯಾರದ ಸ್ಪ್ರಿಂಗು. ಕೀಲಿ ಕೊಟ್ಟರೆ ಗುರ್ ಎನ್ನುತ್ತ ಓಡುತ್ತಿತ್ತು. ಮೂವರಲ್ಲಿ ಟ್ರಾಮನ್ನು ಕಣ್ಣಾರೆ ಕಂಡವರು ಯಾರೂ ಇರಲಿಲ್ಲ. ಒಂದು ಪಟ ನೋಡಿ ಇಷ್ಟೆಲ್ಲ ಮಾಡಿದ್ದರು.

ಒಮ್ಮೆ ಚಹಾ ಕೊಡಲು ಬಂದ ಕಲ್ಯಾಣಮ್ಮ ನಿಂತು ನೋಡಿದಳು. ಟ್ರಾಮು ಹಳಿಯ ಕೊನೆ ಮುಟ್ಟಿತು. ಗೋಪಣ್ಣ ಅದನ್ನು ಎತ್ತಿ, ಮುಖ ತಿರುಗಿಸಿ ಇಟ್ಟ.

“ಹಂಗಲ್ರೀ ಮಾಸ್ತರ,” ಎಂದಳು. “ಗಾಡಿ ಇದ್ದಂಗ ಇರತೈತಿ. ಮ್ಯಾಲಿನ ಕೋಲಷ್ಟ ತಿರುಗಿಸ್ತಾರ. ಕಂಡಕ್ಟರ್ ಕೆಳಗಿಳಿದು, ಹಗ್ಗ ಜಗ್ಗಿ, ಕೋಲನ್ನ ತಂತಿಯಿಂದ ಬಿಡಿಸಿ ಆ ಕಡಿಗೆ ಒಯ್ತಾನ. ಆಮ್ಯಾಲ ಗಾಡಿ ಹಿಂದಕ್ಕ ಹೊಂಡತೈತಿ.”

ರಾಜೇಸಾಬ್ ತನ್ನ ಹಿತ್ತಾಳೆ ಪಟ್ಟಿಯನ್ನು ಆಕೆಯ ಮುಂದಿಟ್ಟ. “ಹಂಗಾದ್ರ ಕಡೀ ಹಲಗಿ ನೀವ ಮಾಡ್ರಿ ಅಕ್ಕಾ.”

ಕಲ್ಯಾಣಮ್ಮ ಎರಡು ತಿಂಗಳು ಆ ಹಲಗೆಯ ಮೇಲೆ ಬಗ್ಗಿದಳು. ಪೊರಕೆ ಕಡ್ಡಿಯ ಕಂಬ, ಅದಕ್ಕೆ ತಂತಿ. ಮೂರಂತಸ್ತಿನ ಚಾಳು, ಅದರ ಕಟಾಂಜನಕ್ಕೆ ಅಂಗಡಿಯ ಚಿಂದಿಯಲ್ಲಿ ಒಣಹಾಕಿದ ಬಟ್ಟೆ. ಗಾಡಿಯ ನೆತ್ತಿಗೆ ದಾರ ಕಟ್ಟಿದ ಕೋಲು ನಿಲ್ಲಿಸಿ, ಅದನ್ನು ತಿರುಗಿಸಿದರೆ ಗಾಡಿ ಹಿಂದಕ್ಕೂ ಓಡುವಂತೆ ರಾಜೇಸಾಬ್ ಇನ್ನೊಂದು ಹಲ್ಲುಚಕ್ರ ಕೂಡಿಸಿದ.

ಆ ಚಳಿಗಾಲ ಲಿಂಗಸುಗೂರಿನಲ್ಲಿ ಎರಡು ದಿನದ ನುಮಾಯಿಷ್, ಅಂದರೆ ವಸ್ತುಪ್ರದರ್ಶನ, ನಡೆಯಿತು. ಅಂಜುಮನ್ನಿಗೂ ಒಂದು ಡೇರೆ ಸಿಕ್ಕಿತು.

“ನೀ ಗಂಡಸರ ನಡುವ ನಿಂತು ಆಟದ ಗಾಡಿ ಓಡಿಸಿದ್ರ ಮಂದಿ ಏನಂದಾರು?” ಎಂದ ಸೂಗಪ್ಪ. “ಕೋಲು ನಾನ ತಿರುಗಿಸ್ತೀನಿ.”

ಮೊದಲ ದಿನ ಆಕೆ ಮನೆಯಲ್ಲೇ ಉಳಿದಳು. ಸಂಜೆ ಸೂಗಪ್ಪ ಗೆಳೆಯರೊಡನೆ ಮುಖ ಸಣ್ಣದು ಮಾಡಿಕೊಂಡು ಬಂದ. ಜೋರಾಗಿ ಜಗ್ಗಿ ಮುಂಜಾನೆಯೇ ಕೋಲು ಮುರಿದಿದ್ದ. ದಿನವಿಡೀ ಜನ ನಿಂತ ಗಾಡಿಯನ್ನೇ ನೋಡಿ ಹೋಗಿದ್ದರು. ಮರುದಿನ ಹೆಂಗಸರಿಗೆ ಮೀಸಲಾದ ಜನಾನಾ ದಿನ. ಗಂಡಸರು ಪರದೆಯೊಳಗೆ ಬರುವಂತಿರಲಿಲ್ಲ.

“ಹಲಗಿ ಬಿಚ್ಚಿಬಿಡೂಣು,” ಎಂದ ಗೋಪಣ್ಣ.

“ಯಾಕ ಬಿಚ್ಚತೀರಿ?” ಎಂದಳು ರಾಜೇಸಾಬನ ಹೆಂಡತಿ ಪೀರ್‌ಬೀ. ಆಕೆ ನುಮಾಯಿಷಿಗೆಂದೇ ಸಿಂಧನೂರಿನಿಂದ ಬಂದಿದ್ದಳು. “ಕೀಲಿ ನಾ ಕೊಡ್ತೀನಿ. ಕೋಲು ಕಲ್ಯಾಣಕ್ಕ ತಿರುಗಿಸ್ತಾಳ.”

ಎಲ್ಲರೂ ಸೂಗಪ್ಪನ ಕಡೆ ನೋಡಿದರು.

“ನಾಳಿ ಗಂಡಸರು ಇರಂಗಿಲ್ಲಲ್ಲ ಅಣ್ಣಾ,” ಎಂದಳು ಕಲ್ಯಾಣಮ್ಮ. ಆಕೆ ಆಗಲೇ ಹೊಸ ಕೋಲಿಗೆಂದು ಹಳೆಯ ಕೊಡೆಯೊಂದರಿಂದ ಕಡ್ಡಿ ಕೀಳತೊಡಗಿದ್ದಳು.

ಮರುದಿನ ಡೇರೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬುರ್ಖಾ ಮೇಲೆತ್ತಿಕೊಂಡವರು, ಕೂಸನ್ನು ಕಂಕುಳಲ್ಲಿಟ್ಟುಕೊಂಡವರು, ಎಲ್ಲರೂ ಹಲಗೆಗೆ ಮುತ್ತಿದರು. ಟ್ರಾಮು ಸೂಗಪ್ಪನ ಹಲಗೆಯಿಂದ ಹೊರಟು ಮಸ್ಕಿಯ ಹಲಗೆ ದಾಟಿ, ಸಿಂಧನೂರಿನದು ದಾಟಿ, ಚಾಳಿನ ಮುಂದೆ ನಿಂತಿತು. ಕಲ್ಯಾಣಮ್ಮ ಎರಡು ಬೆರಳಲ್ಲಿ ದಾರ ಹಿಡಿದು ಕೋಲನ್ನು ಮೆಲ್ಲಗೆ ತಿರುಗಿಸಿದಳು. ಗಾಡಿ ಹಿಂದಕ್ಕೆ ಹೊರಟಿತು. ಹೆಂಗಸರು ‘ಹೋ’ ಎಂದರು.

“ನೀ ಖರೇ ಟ್ರಾಮು ಕಂಡೀಯೇನವ್ವ?” ಎಂದು ಮುಕ್ಕುಂದದ ಮುದುಕಿಯೊಬ್ಬಳು ಕೇಳಿದಳು.

“ಕಂಡೀನಿ. ನಮ್ಮ ಯಜಮಾನ್ರು ಹದಿಮೂರು ವರ್ಷ ಇದ ಕೋಲು ತಿರುಗಿಸಿದ್ರು. ಮಳಿಯೊಳಗ ಹಗ್ಗ ತೋದು ಅಂಗೈ ಸುಲೀತಿತ್ತು. ಮನಿಗೆ ಬಂದ್ರ ನಾ ಎಣ್ಣಿ ಹಚ್ಚತಿದ್ದೆ.”

ದನಿ ನಡುಗಲಿಲ್ಲ. ಅದು ಆಕೆಗೇ ಸೋಜಿಗವಾಯಿತು. ಆಮೇಲೆ ಕೇಳಿದವರಿಗೆಲ್ಲ ಹೇಳಿದಳು.

ಸಂಜೆ ಹೆಂಗಸರೆಲ್ಲ ಹೋದ ಮೇಲೆ ಪರದೆ ಸರಿಸಿ ಸೂಗಪ್ಪ ಒಳಗೆ ಬಂದ. ಹಲಗೆ ಬಿಚ್ಚಲು ತಿರುಪಿಗೆ ಕೈ ಹಾಕಿದವನು ಹಾಗೇ ನಿಂತ.

“ಹೊರಗ ನಿಂತು ಕೇಳಾಕತ್ತಿದ್ದೆ,” ಎಂದ. “ನಿಮ್ಮ ಯಜಮಾನ್ರು ಮತ್ತ ಏನೇನು ಹೇಳತಿದ್ರು?”

ಕಲ್ಯಾಣಮ್ಮ ಅಣ್ಣನ ಪಕ್ಕದಲ್ಲಿ ಕುಳಿತು, ತಾನೂ ಗಂಡನೂ ಟ್ರಾಮಿನ ಮೇಲಂತಸ್ತಿನಲ್ಲಿ ಕುಳಿತು ಸಮುದ್ರ ನೋಡಲು ಹೋದ ದಿನದಿಂದ ಶುರುಮಾಡಿದಳು.