ನನ್ನಿಂದ ಕಟ್ಟಿದ ಎಡಗೈ

ನಾನು ಒಂದು ಇಳಕಲ್ ಸೀರೆ. ಕಪ್ಪು ಒಡಲು, ಕೆಂಪು ಸೆರಗು. ಮಗ್ಗದಿಂದ ಇಳಿದ ವಾರದಲ್ಲೇ ಬಾಗಲಕೋಟೆಯ ಗೌರವ್ವ ನನ್ನನ್ನು ಕೊಂಡಳು. ಮದುವೆಮನೆಗೂ ಉಟ್ಟಳು, ಸಾವಿನ ಮನೆಗೂ ಉಟ್ಟಳು. ನಾನು ಸವೆದು ಹರಿಯತೊಡಗಿದ ಹೊತ್ತಿಗೆ ಮೊಮ್ಮಗಳು ಪವಿ ಹುಟ್ಟಿದಳು, ನನ್ನನ್ನು ತೊಲೆಗೆ ಜೋಲಿಯಾಗಿ ಕಟ್ಟಿದರು. ಆ ಹಗುರ ಮೈ ಹೊತ್ತು ತೂಗಿದ್ದೇ ನನ್ನ ಸುಖದ ಕಾಲ.

ಪವಿಗೆ ಎರಡು ತುಂಬಿತು. ತಾನೇ ಉಣ್ಣುವ ಹುರುಪು. ತಾಯಿ ಸುವರ್ಣಾ ತುತ್ತು ಎತ್ತಿದರೆ "ನಾ! ನಾ!" ಎಂದು ತಟ್ಟೆ ಎಳೆದುಕೊಳ್ಳುವಳು. ಅರ್ಧ ಅನ್ನ ಬಾಯಿಗೆ, ಅರ್ಧ ನೆಲಕ್ಕೆ. ಆದರೆ ತಟ್ಟೆಗೆ ಹೋಗುತ್ತಿದ್ದುದು ಎಡಗೈ. ಹೋದಾಗಲೆಲ್ಲ ಗೌರವ್ವ ಫಟ್ಟನೆ ಹೊಡೆಯುತ್ತಿದ್ದಳು.

"ಎಡಗೈಲೆ ಉಂಡ್ರ ನಾಳೆ ಗಂಡನ ಮನ್ಯಾಗ ಏನಂದಾರು?"

ಹಾಲುಹಲ್ಲಿನ ಕೂಸಿಗೆ ಗಂಡನ ಮನೆ! ನನ್ನ ನೂಲುನೂಲೂ ಉರಿಯಿತು. ಹೊಡೆದರೂ ಕೈ ಕೇಳಲಿಲ್ಲ. ಆಗ ಗೌರವ್ವ ಜೋಲಿ ಬಿಚ್ಚಿ, ನನ್ನನ್ನು ಪಟ್ಟಿಪಟ್ಟಿಯಾಗಿ ಹರಿದು, ಆ ಎಡಗೈಯನ್ನು ಪವಿಯ ಸೊಂಟಕ್ಕೆ ಬಿಗಿದು ಕಟ್ಟಿದಳು. ತೂಗಿದ ಮಗುವನ್ನೇ ನಾನು ಕಟ್ಟಿ ಹಿಡಿಯಬೇಕಾಯಿತು!

"ಅತ್ತಿ, ಬಿಚ್ಚರಿ. ಯಾವ ಕೈ ಬರ್ತದೋ ಆ ಕೈಲೆ ಉಣ್ಲಿ ಅಂತ ಅಂಗನವಾಡಿ ಅಕ್ಕಾರೂ ಅಂದಾರ," ಎಂದಳು ಸುವರ್ಣಾ.

"ನಾಕು ಹಡದಾಕಿ ನಾನು. ನನಗ ಹೇಳಾಕ ಬರ್ತಿಯೇನು?"

ಪವಿಯ "ನಾ! ನಾ!" ನಿಂತೇ ಹೋಯಿತು. ಬಾಯಿ ತೆರೆದು ಸುಮ್ಮನೆ ಕೂರುತ್ತಿದ್ದಳು, ಯಾರಾದರೂ ತುರುಕಲಿ ಎಂಬಂತೆ. ಅದನ್ನೇ ಗೌರವ್ವ ನೆರೆಯವರಿಗೆ ತೋರಿಸುತ್ತಿದ್ದಳು: "ನೋಡ್ರಿ, ಎಷ್ಟ ಶಾಣ್ಯಾ ಆಗ್ಯಾಳ!"

ಒಂದು ಮಧ್ಯಾಹ್ನ ಪವಿ ಹೊಸ್ತಿಲು ಹತ್ತಿ ಮುಗ್ಗರಿಸಿದಳು. ಊರಲು ಕೈ ಬೇಕಲ್ಲ? ಅದನ್ನು ನಾನು ಕಟ್ಟಿ ಹಿಡಿದಿದ್ದೆ. ಗದ್ದ ಕಲ್ಲಿಗೆ ಬಡಿದು ಒಡೆಯಿತು. ರಕ್ತ ನನ್ನ ಮೇಲೆಯೇ ಸುರಿಯಿತು.

ಊಟಕ್ಕೆ ಬಂದ ತಂದೆ ಮಹಾಂತೇಶ ಓಡಿಬಂದು ಗಂಟು ಬಿಚ್ಚಿದ.

"ಅವ್ವಾ, ನನ್ನ ಕೈನೂ ಹಿಂಗ ಕಟ್ಟಿದ್ದಿ. ಇವತ್ತಿಗೂ ಗಂಗಾಳದ ಮುಂದ ಉಣ್ಣಾಕ ಕುಂತ್ರ, ಯಾರರ ಹೊಡಿತಾರ ಅನಸ್ತದ."

"ಅದರಿಂದ ನೀ ಏನ ಸತ್ತೇನು?"

"ಸಾಯಲಿಲ್ಲ. ಅಷ್ಟ."

ಗೌರವ್ವ ಸಂಜೆ ನನ್ನನ್ನು ತಾನೇ ಬಚ್ಚಲಿಗೆ ಒಯ್ದು ತಿಕ್ಕಿ ತಿಕ್ಕಿ ತೊಳೆದಳು. ಕಲೆ ಹೋಗಲಿಲ್ಲ. ಆಮೇಲೆ ಯಾರೂ ಪವಿಯ ಕೈ ಕಟ್ಟಲಿಲ್ಲ.

ಈಗ ನಾನು ಸುವರ್ಣಾ ಹಳೆ ಬಟ್ಟೆ ಕೂಡಿಸಿ ಹೊಲಿದ ಕೌದಿಯ ಒಂದು ತುಂಡು. ಅಡುಗೆಮನೆಯ ಮೂಲೆಯಲ್ಲಿ ಮಡಿಸಿ ಇಟ್ಟಿದ್ದಾರೆ. ಅಲ್ಲಿಂದ ತಟ್ಟೆಗಳು ಕಾಣುತ್ತವೆ. ಪವಿ ಶಾಲೆಗೆ ಹೋಗುತ್ತಾಳೆ, ಎಡಗೈಯಲ್ಲೇ ಬರೆಯುತ್ತಾಳೆ, ಎಡಗೈಯಲ್ಲೇ ಉಣ್ಣುತ್ತಾಳೆ. ಎಲ್ಲ ಸರಿಹೋಯಿತು ಎನ್ನುತ್ತಾರೆ ಮನೆಯವರು. ನನ್ನ ಸಿಟ್ಟು ಮಾತ್ರ ಇಳಿದಿಲ್ಲ. ಯಾಕೆಂದರೆ ಮೊದಲ ತುತ್ತು ಎತ್ತುವ ಮುನ್ನ ಆ ಹುಡುಗಿ ಇವತ್ತಿಗೂ ತಲೆಯೆತ್ತಿ ಒಮ್ಮೆ ಸುತ್ತ ನೋಡುತ್ತಾಳೆ.