ದೂರದ ಕೋಣೆ

ಕೊಳ್ಳೇಗಾಲದಲ್ಲಿ ಮನೆ ಕಟ್ಟುವ ಮೊದಲು ಪ್ಲ್ಯಾನ್ ಬರೆಸುವವರು ಬೇಕಾದಷ್ಟು ಜನ. ಕಟ್ಟಿ ಮುಗಿಸಿದ ಮೇಲೆ ಬರೆಸಿದವರು ಡಾಕ್ಟರ್ ವೃಷಭೇಂದ್ರಪ್ಪನವರೊಬ್ಬರೇ. ಅವರ ನರ್ಸಿಂಗ್ ಹೋಮನ್ನು ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಮೇಸ್ತ್ರಿಗಳು ತಮಗೆ ತೋಚಿದ ಕಡೆಗೆ ಎಳೆದು ಬೆಳೆಸಿದ್ದರು. ಬಚ್ಚಲು ಹುಡುಕಿಕೊಂಡು ಹೋದವರು ಎಕ್ಸ್‌ರೇ ಕೋಣೆಗೆ ಹೋಗಿ ನಿಲ್ಲುತ್ತಿದ್ದರು. ಹೆರಿಗೆ ನೋಡಲು ಬಂದ ಬೀಗರು ಹಲ್ಲು ಕೀಳುವವರ ಬಾಗಿಲಲ್ಲಿ ಕೂತು ಸಂಜೆ ಮಾಡಿದ್ದೂ ಉಂಟು. ಹಾಗಾಗಿ ಡಾಕ್ಟರು ಎದುರುಗಡೆ ಟೈಲರ್ ಅಂಗಡಿಯ ಮಹಡಿಯಲ್ಲಿ ಪ್ಲ್ಯಾನ್ ಬರೆಯುತ್ತಿದ್ದ ಪದ್ಮಿನಿಯನ್ನು ಕರೆಸಿದರು.

ಪದ್ಮಿನಿ ಟೇಪು ಹಿಡಿದು ಇಡೀ ಕಟ್ಟಡವನ್ನು ಅಳೆದಳು. ಕಂಪ್ಯೂಟರಿನಲ್ಲಿ, ಮೇಲಿನಿಂದ ಕಾಣುವ ಊರಿನ ಮ್ಯಾಪಿನ ಮೇಲೆ ಗೋಡೆ ಎಳೆದಳು, ಬಾಗಿಲು ಕೂರಿಸಿದಳು, ಒಂದು ಮಹಡಿಯ ತಲೆ ಮೇಲೆ ಇನ್ನೊಂದು ಮಹಡಿ ಇಟ್ಟಳು. ಬಾಗಿಲು ಕೂರಿಸಲು ಮರೆತರೆ ಆ ಕೋಣೆಗೆ ದಾರಿಯೇ ಹುಟ್ಟುತ್ತಿರಲಿಲ್ಲ. ಕೋಣೆಗಳಿಗೆಲ್ಲ ಜನ ಕರೆಯುವ ಹೆಸರನ್ನೇ ಕೊಟ್ಟಳು: ಹೆರಿಗೆ ವಾರ್ಡು, ರಕ್ತ ತೆಗೆಯೋ ಕಡೆ, ಸಿಸ್ಟರ್ ರೂಮು. ಬಾಗಿಲಲ್ಲೂ ಮೆಟ್ಟಿಲ ಬಳಿಯ ಗೋಡೆಯಲ್ಲೂ ಅಂಟಿಸಿದ ಕ್ಯೂಆರ್ ಚೌಕದತ್ತ ಫೋನ್ ಹಿಡಿದು ಯಾರು ಬೇಕೆಂದು ಬರೆದರೆ ಸಾಕು, ನೀಲಿ ಗೆರೆಯೊಂದು ಮೆಟ್ಟಿಲು ಹತ್ತಿಸಿ, ಮೂಲೆ ತಿರುಗಿಸಿ, ಆ ಬಾಗಿಲಿಗೇ ತಂದು ನಿಲ್ಲಿಸುತ್ತಿತ್ತು. ಇಲ್ಲಿ ಕೂತು ಏನು ತಿದ್ದಿ ಪಬ್ಲಿಷ್ ಒತ್ತಿದರೂ ಕ್ಷಣ ಮಾತ್ರದಲ್ಲಿ ಎಲ್ಲರ ಫೋನಿನಲ್ಲೂ ಬದಲಾಗುತ್ತದೆ ಎಂದು ಅವಳು ಡಾಕ್ಟರಿಗೆ ಮಾಡಿಯೂ ತೋರಿಸಿದಳು.

"ಚೆನ್ನಾಗದೆ ಕಣಮ್ಮ. ನನ್ನ ರೂಮೊಂದು ತೆಗೆದುಬಿಡು. ಇದನ್ನ ನೋಡ್ಕಂಡು ಜನ ಮಲಗೋದಕ್ಕೂ ಬಿಡಲ್ಲ," ಎಂದರು ಡಾಕ್ಟರು.

ತೆಗೆದಳು. ದೊಡ್ಡವರಿಗೆ ಮ್ಯಾಪಿನಲ್ಲೂ ಮರೆ ಸಿಗುತ್ತದೆ. ನಿಮ್ಮ ರೂಮು ಕಾಣಿಸಲೋ ಬೇಡವೋ ಎಂದು ಸಿಸ್ಟರುಗಳನ್ನು ಯಾರೂ ಕೇಳಲಿಲ್ಲ. ಪದ್ಮಿನಿಯೂ ಕೇಳಲಿಲ್ಲ, ಹೆರಿಗೆ ವಾರ್ಡಿನ ಸಿಸ್ಟರು ಅವಳ ಒಡಹುಟ್ಟಿದ ತಂಗಿ ರಮ್ಯಳೇ ಆಗಿದ್ದರೂ. ಅಕ್ಕತಂಗಿಯರಿಬ್ಬರೂ ದಿನಾ ಬೆಳಿಗ್ಗೆ ಯಳಂದೂರಿನಿಂದ ಒಂದೇ ಬಸ್ಸಿಗೆ ಬರುತ್ತಿದ್ದರು. ತಂಗಿಯ ಕೋಣೆ ಎಲ್ಲರಿಗೂ ಸಲೀಸಾಗಿ ಸಿಗಲಿ ಎಂದು ಅಕ್ಕ ಆ ಬಾಗಿಲಿಗೆ ಕೆಂಪು ಗುರುತನ್ನೂ ಹಾಕಿಕೊಟ್ಟಿದ್ದಳು.

ಆ ದಿನ ಮಧ್ಯಾಹ್ನ ಪದ್ಮಿನಿ ತನ್ನ ಮಹಡಿಯಲ್ಲಿ ಊಟದ ಡಬ್ಬಿ ತೊಳೆದಿಡುತ್ತಿದ್ದಾಗ ರಮ್ಯಳ ಫೋನ್ ಬಂತು.

"ಅಕ್ಕ, ಆ ದೀಪ ಹೋಗ್ಬುಟ್ಲು ಕಣಕ್ಕ."

ದೀಪ ಹನೂರಿನಾಚೆಯ ಕಾಡಂಚಿನ ಊರಿನ ಹುಡುಗಿ. ಬೆಳಿಗ್ಗೆ ಹೆತ್ತಿದ್ದಳು. ಕೂಸು ಗಟ್ಟಿಮುಟ್ಟಾಗಿತ್ತು, ತಾಯಿಗೆ ಮಾತ್ರ ರಕ್ತ ನಿಲ್ಲಲಿಲ್ಲ. ರಮ್ಯ ಡಾಕ್ಟರಿಗೆ ಫೋನಿನ ಮೇಲೆ ಫೋನ್ ಮಾಡಿದ್ದಳು. ಯಾವುದೋ ಊಟಕ್ಕೆ ಹೋಗಿದ್ದ ಅವರು ಬಂದೆ ಬಂದೆ ಎನ್ನುತ್ತಲೇ ಇದ್ದರು. ಬಂದಾಗ ನೋಡಲು ಏನೂ ಉಳಿದಿರಲಿಲ್ಲ. ಮನೆಯವರಿಗೆ ನೀನೇ ಹೇಳಮ್ಮ ಎಂದವರೇ ಹಿಂದಿನ ಗೇಟಿನಿಂದ ಕಾರು ಹತ್ತಿ ಹೊರಟರು.

"ಕೊನೇ ಸೂಜಿ ನಾನೇ ಹಾಕಿದ್ದು. ಆಮೇಲೆ ಪ್ರಾಣ ಹೋಯ್ತು. ನಾನೇ ಕೊಂದೆ ಅಂತಾವ್ರೆ. ಅವಳ ಅಣ್ಣಂದಿರು ಟೆಂಪೋ ತುಂಬ ಜನ ತಕಂಡು ಬತ್ತಾವ್ರಂತೆ."

"ನೀನು ರೂಮಿಗೆ ಹೋಗಿ ಚಿಲಕ ಹಾಕ್ಕೋ. ಫೋನ್ ಕಟ್ ಮಾಡ್ಬೇಡ."

"ಚಿಲಕ ಮುರಿದು ಎಷ್ಟೋ ಕಾಲ ಆಯ್ತಕ್ಕ."

ಅಷ್ಟರಲ್ಲಿ ಟೆಂಪೋ ಬಂದು ನಿಂತಿತು. ಪದ್ಮಿನಿ ಕಿಟಕಿಗೆ ಹೋದಳು. ಮೊದಲು ಇಳಿದವನು ದೀಪಳ ದೊಡ್ಡಣ್ಣ ಮಾದೇಶ, ಅವನ ಹಿಂದೆ ತಮ್ಮ ಸ್ವಾಮಿ. ಕೂಲಿಯಿಂದ ನೇರ ಎದ್ದು ಬಂದಿದ್ದರೆಂದು ಕಾಣುತ್ತದೆ, ಸ್ವಾಮಿಯ ಕೈಯಲ್ಲಿ ಹಾರೆ ಇತ್ತು. ಬಾಗಿಲಲ್ಲಿದ್ದ ಮುದುಕ ವಾಚ್‌ಮನ್ ಶಿವನಂಜಯ್ಯ ಕೈ ಅಡ್ಡ ಹಿಡಿದು ಏನೋ ಸಮಾಧಾನ ಹೇಳಲು ಹೋದ. ಅವನ ಬಾಯಿಯ ಮೇಲೇ ಗುದ್ದು ಬಿತ್ತು. ಕೆಳಗೆ ಬಿದ್ದವನ ಪಕ್ಕೆಗೆ ಬಂದವರೆಲ್ಲ ಒಂದೊಂದು ಒದೆ ಕೊಟ್ಟು ದಾಟಿದರು. ಗಾಜಿನ ಬಾಗಿಲು ಪುಡಿಯಾಯಿತು. ಕೌಂಟರಿನ ಕಂಪ್ಯೂಟರು ರಸ್ತೆಗೆ ಬಂದು ಬಿತ್ತು. ಔಷಧಿ ಅಂಗಡಿಯ ಹುಡುಗನನ್ನು ಕೂದಲು ಹಿಡಿದು ಎಳೆದು ಅವನದೇ ಬೀರುವಿಗೆ ಮುಖ ಜಜ್ಜಿದರು. ಪದ್ಮಿನಿ ಇನ್ನೊಂದು ಫೋನಿನಿಂದ ಪೊಲೀಸರಿಗೆ ಹೇಳಿದಳು. ಜೀಪು ಬೆಟ್ಟದ ರಸ್ತೆಗೆ ಹೋಗಿದೆ, ಕಳಿಸುತ್ತೇವೆ ಎಂದರು.

ನರ್ಸಿಂಗ್ ಹೋಮಿನ ಮೆಟ್ಟಿಲಿಗೆ ಮುಂಭಾಗದಲ್ಲಿ ನೆಲದಿಂದ ಸೂರಿನವರೆಗೆ ಗಾಜು ಹಾಕಿಸಿದ್ದರು. ಹಾಗಾಗಿ ಹತ್ತುವವರು ಇಳಿಯುವವರೆಲ್ಲ ರಸ್ತೆಗೆ ಕಾಣುತ್ತಿದ್ದರು. ಮಾದೇಶ ಮೊದಲ ಮೆಟ್ಟಿಲ ಬಳಿ ನಿಂತು ಅತ್ತ ಇತ್ತ ನೋಡಿದ. ಎಲ್ಲಿಗೆ ಹೋಗಬೇಕೆಂದು ಅವನಿಗೆ ತಿಳಿಯಲಿಲ್ಲ. ಪದ್ಮಿನಿಗೆ ಒಂದು ಉಸಿರಿನಷ್ಟು ಧೈರ್ಯ ಬಂತು. ಅಷ್ಟರಲ್ಲಿ ಅವನ ಕಡೆಯವನೊಬ್ಬ ಗೋಡೆಯ ಚೌಕಕ್ಕೆ ಫೋನ್ ಹಿಡಿದು, ಏನೋ ಬರೆದು, ಮಾದೇಶನ ಕೈಗೆ ಕೊಟ್ಟ. ಮಾದೇಶ ಫೋನನ್ನು ದೀಪದ ಹಾಗೆ ಮುಂದಕ್ಕೆ ಹಿಡಿದುಕೊಂಡು ಮೆಟ್ಟಿಲು ಹತ್ತತೊಡಗಿದ.

ಅವನು ಹಿಡಿದಿದ್ದು ಪದ್ಮಿನಿ ಬರೆದ ಮ್ಯಾಪು. ತಾನು ಎಳೆದ ಗೆರೆ, ತಾನು ಕೂರಿಸಿದ ಬಾಗಿಲು, ತಾನು ಹಾಕಿದ ಕೆಂಪು ಗುರುತು. ರಮ್ಯಳ ಕೋಣೆ ಮೊದಲನೇ ಮಹಡಿಯಲ್ಲಿ, ಹೆರಿಗೆ ವಾರ್ಡಿನ ಪಕ್ಕದಲ್ಲೇ ಇತ್ತು.

ಕುರ್ಚಿಗೆ ಹಾರಿ ಕೂತು ಮ್ಯಾಪು ತೆರೆದಳು. ಸಿಸ್ಟರ್ ರೂಮನ್ನು ಅಳಿಸಲು ಹೋದ ಬೆರಳು ತಡೆಯಿತು. ಗೆರೆ ಇದ್ದಕ್ಕಿದ್ದಂತೆ ಮಾಯವಾದರೆ ಅವರು ನಿಂತ ಮಹಡಿಯ ಬಾಗಿಲುಗಳನ್ನೆಲ್ಲ ಒಂದೊಂದಾಗಿ ಒಡೆಯುತ್ತಾರೆ. ಅಳಿಸುವುದಲ್ಲ, ಬೇರೆ ಕಡೆ ಕಳಿಸಬೇಕು, ಆದಷ್ಟು ದೂರಕ್ಕೆ. ಕಣ್ಣು ಮಹಡಿಯಿಂದ ಮಹಡಿಗೆ ಓಡಿತು. ಎರಡನೇ ಮಹಡಿಯ ಹಿಂಬದಿಯ ಕೊನೆಯಲ್ಲಿ, ಮೂರು ತಿರುವು ದಾಟಿದ ಮೇಲೆ, ಬಟ್ಟೆ ಸ್ಟೋರು. ಅಳೆಯಲು ಹೋದಾಗ ನೋಡಿದ್ದಳು. ಕಿಟಕಿಯಿಲ್ಲ, ಸೂರಿನವರೆಗೆ ಬೆಡ್‌ಶೀಟಿನ ರಾಶಿ, ಬಾಗಿಲಿಗೆ ಯಾವಾಗಲೂ ಬೀಗ. ಒಡೆಯಲಿ, ಬೆಡ್‌ಶೀಟು ಹರಿದುಕೊಂಡು ಸಾಯಲಿ. ಸಿಸ್ಟರ್ ರೂಮೆಂಬ ಹೆಸರನ್ನೂ ಕೆಂಪು ಗುರುತನ್ನೂ ಹಿಡಿದು ಎಳೆದು ಆ ಕೋಣೆಯ ಮೇಲೆ ಬಿಟ್ಟು ಪಬ್ಲಿಷ್ ಒತ್ತಿದಳು.

ಎದುರಿನ ಗಾಜಿನಲ್ಲಿ ಮಾದೇಶ ಮೊದಲನೇ ಮಹಡಿಯ ತಿರುವಿಗೆ ಬಂದು ನಿಂತಿದ್ದ. ರಮ್ಯಳ ಬಾಗಿಲು ಅಲ್ಲಿಂದ ನಾಲ್ಕು ಹೆಜ್ಜೆ. ಅಡ್ಡ ಬಂದ ವಾರ್ಡ್‌ಬಾಯ್ ಒಬ್ಬನನ್ನು ಸ್ವಾಮಿ ಹಾರೆಯ ಮೊಂಡು ತುದಿಯಿಂದ ಹೊಟ್ಟೆಗೆ ತಿವಿದು ಮೆಟ್ಟಿಲಿನಿಂದ ಕೆಳಕ್ಕೆ ಉರುಳಿಸಿದ. ಮಾದೇಶ ಫೋನು ನೋಡಿದ, ಕಾರಿಡಾರ್ ನೋಡಿದ, ಮತ್ತೆ ಫೋನು ನೋಡಿದ.

"ಮ್ಯಾಕ್ಕೆ ತೋರುಸ್ತದ ಕಣ್ಲಾ," ಎಂದ ಅವನ ದನಿ ರಮ್ಯಳ ಫೋನಿನೊಳಗಿಂದ ಅಸ್ಪಷ್ಟವಾಗಿ ಕೇಳಿತು.

ಗುಂಪು ಮೇಲಕ್ಕೆ ತಿರುಗಿತು. ಪದ್ಮಿನಿಗೆ ಅಳು ನಗು ಎರಡೂ ಒಟ್ಟಿಗೆ ಬಂದವು.

"ರಮ್ಯ, ಈಗ ಎದ್ದೇಳು. ಸ್ಟ್ರೆಚರ್ ಇಳಿಸೋ ಇಳಿಜಾರಲ್ಲಿ ಹಿಂದಿನ ಗೇಟಿಗೆ ಓಡು. ಹಿಂದೆ ತಿರುಗಿ ನೋಡ್ಬೇಡ."

ಫೋನಿನಲ್ಲಿ ತಂಗಿಯ ಚಪ್ಪಲಿಯ ಸದ್ದು, ಏದುಸಿರು. ಅದರ ಮೇಲೆ ಎಲ್ಲೋ ದೂರದಲ್ಲಿ ಮರ ಒಡೆಯುವ ಸದ್ದು. ರಮ್ಯಳ ಹೆಜ್ಜೆ ನಿಧಾನವಾಯಿತು.

"ಅಕ್ಕ, ಮ್ಯಾಲೆ ಎಲ್ಲಿ ಒಡೀತಾವ್ರೆ?"

"ಬಟ್ಟೆ ಸ್ಟೋರು. ನಾನೇ ಅಲ್ಲಿಗೆ ಕಳಿಸ್ದೆ. ಅಲ್ಲಿ ಯಾರೂ ಇಲ್ಲ, ನೀನು ಓಡು."

ಹೆಜ್ಜೆ ಪೂರ್ತಿ ನಿಂತಿತು.

"ಅಕ್ಕ, ಅಲ್ಲಿ ಕೂಸದೆ."

"ಯಾವ ಕೂಸು?"

"ದೀಪನ ಕೂಸು. ಹೆಣದ ಗಾಳಿ ಸೋಕಬಾರ್ದು ಅಂತ ಅವಳವ್ವ ಚಿಕ್ಕನಿಂಗಮ್ಮ ಹಟ ಹಿಡಿದ್ಲು. ಎಲ್ಲಕ್ಕಿಂತ ದೂರದ ರೂಮು ಬೇಕು ಅಂದ್ಲು. ಆಯಾ ಗೋವಿಂದಮ್ಮ ಸ್ಟೋರಿನ ಬೀಗ ತೆಗೆದು ಇಬ್ಬರ್ನೂ ಒಳಗೆ ಕೂರ್ಸವ್ಳೆ."

ಪದ್ಮಿನಿಗೆ ಇದು ಗೊತ್ತಿರದ ವಿಷಯವಲ್ಲ. ಯಳಂದೂರಿನ ಮನೆಯಲ್ಲಿ ತಾತ ತೀರಿಕೊಂಡ ದಿನ ಅವ್ವ ಮಾಡಿದ ಮೊದಲ ಕೆಲಸ ಎಳೆಕೂಸನ್ನು ಪದ್ಮಿನಿಯ ಮಡಿಲಿಗೆ ಹಾಕಿ, ಹಿತ್ತಿಲ ಕಡೆಯ ಕೊನೆಯ ಕೋಣೆಗೆ ಕಳಿಸಿ ಬಾಗಿಲು ಹಾಕಿಸಿದ್ದು. ಆ ಕೂಸೇ ರಮ್ಯ. ಸಾವಾದ ಮನೆಯಲ್ಲಿ ಕೂಸು ಎಲ್ಲಿರುತ್ತದೆಂದು ಈ ಸೀಮೆಯ ಯಾವ ಹೆಣ್ಣನ್ನು ಕೇಳಿದರೂ ಹೇಳುತ್ತಾಳೆ. ಕಂಪ್ಯೂಟರಿನ ಮುಂದೆ ಕೂತು ದೂರದ ಕೋಣೆ ಹುಡುಕಿದವಳಿಗೆ ಮಾತ್ರ ಅದು ಹೊಳೆಯಲಿಲ್ಲ.

ಹೆಸರನ್ನು ಅಳಿಸಿ ಮತ್ತೆ ಪಬ್ಲಿಷ್ ಒತ್ತಿದಳು. ಆದರೆ ಈಗ ಫೋನು ಯಾರಿಗೆ ಬೇಕಿತ್ತು? ಬಾಗಿಲು ಸಿಕ್ಕಿತ್ತು.

"ರಮ್ಯ, ನೀನು ಹೋಗ್ಬೇಡ. ನಾನು ಬತ್ತೀನಿ, ನಾನು ಹೇಳ್ತೀನಿ ಅವರಿಗೆ."

ಫೋನು ಕಟ್ಟಾಯಿತು. ಪದ್ಮಿನಿ ಚಪ್ಪಲಿಯಿಲ್ಲದೆ ರಸ್ತೆ ದಾಟಿದಳು. ಗಾಜಿನ ಚೂರು ಕಾಲಿಗೆ ಹೊಕ್ಕಿದ್ದು ಅವಳಿಗೆ ತಿಳಿಯಲಿಲ್ಲ. ಮೆಟ್ಟಿಲ ಮೇಲೆ ಅಡ್ಡ ಬಿದ್ದಿದ್ದ ವಾರ್ಡ್‌ಬಾಯ್‌ನನ್ನು ದಾಟಿ, ಮೊದಲನೇ ಮಹಡಿ, ಎರಡನೇ ಮಹಡಿ, ಒಂದು ತಿರುವು, ಇನ್ನೊಂದು ತಿರುವು.

ಚಿಕ್ಕನಿಂಗಮ್ಮ ಗದ್ದಲ ಕೇಳಿ ಒಳಗಿಂದ ಅಗಳಿ ಹಾಕಿ, ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದಳು. ಕೂಗಿಯೂ ಇದ್ದಳು. ಒಳಗೆ ಹೆಣ್ಣುದನಿ ಕೇಳಿದ್ದೇ ಹೊರಗಿನವರಿಗೆ ಹುಚ್ಚು ಕೆರಳಿತು. ಅವಳೇ ಕಣ್ಲಾ, ಒಳಗವಳೆ, ಎಂದು ಒಬ್ಬರ ಮೇಲೊಬ್ಬರು ಅರಚಿದರು. ಅಷ್ಟು ಕಿರುಚಾಟದಲ್ಲಿ ಹೆತ್ತವಳ ದನಿ ಮಕ್ಕಳಿಗೆ ಗುರುತು ಸಿಗಲಿಲ್ಲ, ಮಕ್ಕಳ ದನಿ ಹೆತ್ತವಳಿಗೂ ಸಿಗಲಿಲ್ಲ. ಕಾರಿಡಾರಿನಲ್ಲಿದ್ದ ಆಕ್ಸಿಜನ್ ಸಿಲಿಂಡರನ್ನು ನಾಲ್ವರು ಎತ್ತಿ ಬಾಗಿಲಿಗೆ ಗುದ್ದುತ್ತಿದ್ದರು.

ಪದ್ಮಿನಿ ಕೊನೆಯ ತಿರುವಿಗೆ ಬಂದಾಗ ಇಳಿಜಾರಿನ ಕಡೆಯಿಂದ ರಮ್ಯ ಓಡಿ ಬಂದು ಗುಂಪಿನೊಳಗೆ ನುಗ್ಗಿದ್ದಳು.

"ಬುಡ್ರಪ್ಪ, ನಾನೇ ಸಿಸ್ಟರು. ಇಲ್ಲಿವ್ನಿ ನೋಡಿ, ನನ್ನ ಹೊಡೀರಿ. ಒಳಗೆ ಕೂಸದೆ."

ಸ್ವಾಮಿ ಕೇಳಿಸಿಕೊಂಡಿದ್ದು ಮೊದಲ ಮಾತನ್ನು ಮಾತ್ರ. ತಿರುಗಿದವನೇ ಹಾರೆ ಬೀಸಿದ. ರಮ್ಯ ತಲೆಗೆ ಅಡ್ಡ ಹಿಡಿದ ಕೈ ಲಟಕ್ಕೆಂದಿತು. ಅದೇ ಹೊತ್ತಿಗೆ ಬಾಗಿಲು ಕೀಲು ಕಿತ್ತು ಒಳಕ್ಕೆ ಬಿತ್ತು. ಸಿಲಿಂಡರು ಹಿಡಿದವರು ಅದೇ ರಭಸಕ್ಕೆ ಬಾಗಿಲ ಮೇಲೆ ಹೋಗಿ ನಿಂತರು. ಕೆಳಗೆ ಯಾರೋ ಇದ್ದಾರೆಂದು ಅವರ ಕಾಲಿಗೆ ಗೊತ್ತಾಯಿತು. ಗೊತ್ತಾದ ಮೇಲೂ ತುಳಿದರು. ಎಲ್ಲರಿಗಿಂತ ಹೆಚ್ಚು ತುಳಿದವನು ಮಾದೇಶ. ತಂಗಿಯ ಹೆಸರು ಹಿಡಿದು ಕೂಗುತ್ತಾ, ಅಳುತ್ತಾ ತುಳಿದ.

ಪದ್ಮಿನಿ ಅವನ ಅಂಗಿ ಹಿಡಿದು ಜಗ್ಗಿದಳು. ಮೊಣಕೈ ಅವಳ ಬಾಯಿಗೆ ಬಡಿದು ಹಲ್ಲು ತುಟಿಗೆ ನೆಟ್ಟಿತು. ಬಿದ್ದಳು, ಎದ್ದು ಮತ್ತೆ ಜಗ್ಗಿದಳು.

ಆಗ ಬೆಡ್‌ಶೀಟಿನ ರಾಶಿಯ ಹಿಂದಿನಿಂದ ಕೂಸು ಅತ್ತಿತು.

ಮಾದೇಶನ ಎತ್ತಿದ ಕಾಲು ಹಾಗೇ ನಿಂತಿತು. ಒಬ್ಬೊಬ್ಬರಾಗಿ ಬಾಗಿಲಿನಿಂದ ಕೆಳಗಿಳಿದರು. ಅಂಚಿನಲ್ಲಿ ಮಾಸಿದ ಹಸಿರು ಸೀರೆಯ ಸೆರಗು ಕಾಣುತ್ತಿತ್ತು. ಅದನ್ನು ನೋಡಿದ ಸ್ವಾಮಿಯ ಕೈಯಿಂದ ಹಾರೆ ಜಾರಿತು. ಇಬ್ಬರೂ ಸೇರಿ ಬಾಗಿಲು ಎತ್ತಿದರು.

ಚಿಕ್ಕನಿಂಗಮ್ಮನಿಗೆ ಇನ್ನೂ ಜೀವವಿತ್ತು. ಮುಖವೆಂಬುದು ಅಷ್ಟಾಗಿ ಉಳಿದಿರಲಿಲ್ಲ, ಕಣ್ಣಿಗೆ ರಕ್ತ ತುಂಬಿಕೊಂಡಿತ್ತು. ರಮ್ಯ ಮುರಿದ ಕೈಯನ್ನು ಎದೆಗೆ ಒತ್ತಿಕೊಂಡು ಮೊಣಕಾಲೂರಿದಳು. ಇನ್ನೊಂದು ಕೈಗೆ ಸಿಕ್ಕಿದ ಬೆಡ್‌ಶೀಟನ್ನು ಉಂಡೆ ಮಾಡಿ ಮುದುಕಿಯ ತಲೆಗೆ ಒತ್ತಿ ಹಿಡಿದಳು. ಅದು ತೊಯ್ದು ಹೋಯಿತು. ಇನ್ನೊಂದನ್ನು ಎಳೆದುಕೊಂಡಳು. ಅವಳನ್ನು ಹೊಡೆಯಲು ಬಂದವರು ಸುತ್ತ ಸುಮ್ಮನೆ ನಿಂತಿದ್ದರು.

"ಯಾರೋ ಪುಂಡ್ರು ಬಂದವ್ರೆ ಕಣವ್ವ," ಎಂದಳು ಚಿಕ್ಕನಿಂಗಮ್ಮ. ಕೈ ತಡವಿ ರಮ್ಯಳ ಬೆರಳು ಹಿಡಿದುಕೊಂಡಳು. "ಕೂಸ ಬುಡಬ್ಯಾಡ. ನನ್ನ ಐಕ್ಳ ಕರೀರಿ. ಮಾದೇಸ ಬಂದ್ರೆ ಇವ್ರ ಸುಮ್ಕೆ ಬುಡಕಿಲ್ಲ."

"ಅವ್ವ, ನಾನು ಕಣವ್ವ," ಎಂದ ಮಾದೇಶ.

ಅವಳಿಗೆ ಕೇಳಿಸಲಿಲ್ಲ. ಸ್ವಲ್ಪ ಹೊತ್ತಿಗೆ ರಮ್ಯ ಬೆಡ್‌ಶೀಟು ಒತ್ತುವುದನ್ನು ನಿಲ್ಲಿಸಿದಳು.

ಮಾದೇಶ ನೆಲದಲ್ಲಿ ಬಿದ್ದಿದ್ದ ಫೋನನ್ನು ಎತ್ತಿಕೊಂಡು ಒರೆಸಿ, ಯಾರಿಗೆ ತೋರಿಸಬೇಕೆಂದು ತಿಳಿಯದವನಂತೆ ಪದ್ಮಿನಿಯತ್ತ ಹಿಡಿದ. "ಸಿಸ್ಟರು ಇಲ್ಲೇ ಅಂತ ತೋರುಸ್ತು ಕಣಕ್ಕ. ಇಲ್ಲೇ ಅಂತ ತೋರುಸ್ತು."

"ಅದನ್ನ ಇಲ್ಲಿಗೆ ತಿರುಗಿಸಿದೋಳು ನಾನು," ಎಂದಳು ಪದ್ಮಿನಿ. ಬಾಯಿ ತುಂಬ ರಕ್ತವಿದ್ದರೂ ಮಾತು ಸ್ಪಷ್ಟವಾಗಿಯೇ ಬಂತು. "ಒಳಗೆ ಯಾರೂ ಇಲ್ಲ ಅಂದ್ಕಂಡಿದ್ದೆ. ಇವಳು ನನ್ನ ತಂಗಿ."

ಅವನ ಕಣ್ಣು ಹಾರೆಯ ಮೇಲೆ ಹೋಯಿತು. ಪದ್ಮಿನಿ ಕದಲದೆ ನಿಂತಳು, ಹೊಡೆದರೆ ಹೊಡೆಯಲಿ ಎಂದೇ ನಿಂತಳು. ಅವನು ರಮ್ಯಳನ್ನು ನೋಡಿದ, ಅವಳ ಜೋತುಬಿದ್ದ ಕೈ ನೋಡಿದ, ಆಮೇಲೆ ಅವ್ವನ ಕಾಲ ಬಳಿ ಕುಸಿದು ಕೂತು ತಂಗಿಯ ಹೆಸರನ್ನೂ ಅವ್ವನನ್ನೂ ಕರೆಯತೊಡಗಿದ. ಕೆಳಗೆ ಪೊಲೀಸ್ ಜೀಪು ಬಂದ ಸದ್ದಾಯಿತು. ಯಾರೂ ಓಡಲಿಲ್ಲ.

ಕೂಸು ಅಳುತ್ತಲೇ ಇತ್ತು. ರಮ್ಯ ಅಕ್ಕನ ಮುಖ ನೋಡದೆ, ಕತ್ತಿನಲ್ಲೇ ಅತ್ತ ತೋರಿಸಿದಳು. ಪದ್ಮಿನಿ ರಾಶಿಯ ಹಿಂದೆ ಹೋಗಿ ಕೂಸನ್ನು ಎತ್ತಿಕೊಂಡಳು. ಬಿಸಿಯಾಗಿತ್ತು, ಒಂದು ಗೀರೂ ಆಗಿರಲಿಲ್ಲ. ಹೆಣವಿರುವ ಕಡೆ ಎಳೆಕೂಸು ಇರಬಾರದು, ಈಗಲೇ ಬೇರೆಡೆಗೆ ಕೊಂಡೊಯ್ಯಬೇಕು. ಎದೆಗವಚಿಕೊಂಡು ಬಾಗಿಲವರೆಗೆ ಬಂದು ನಿಂತಳು. ಕೆಳಗಿನ ವಾರ್ಡಿನಲ್ಲಿ ದೀಪ ಇದ್ದಳು, ಇಲ್ಲಿ ಚಿಕ್ಕನಿಂಗಮ್ಮ. ಆ ಕಟ್ಟಡದ ಒಂದೊಂದು ಕೋಣೆಯೂ ಪದ್ಮಿನಿಗೆ ಗೊತ್ತಿತ್ತು. ಇದಕ್ಕಿಂತ ದೂರದ ಕೋಣೆ ಅದರಲ್ಲಿ ಇರಲಿಲ್ಲ.